ಸುಬ್ಬಯ್ಯ ಬರೆಯದ ಪದ್ಯ

ಕೊಳ್ಳೇಗಾಲದ ದೇವಾಂಗ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ ಮೊದಲು ಪುರೋಹಿತರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಓಲಗದವರಿಗೆ, ಮೂರನೆಯದಾಗಿ ಸುಬ್ಬಯ್ಯನಿಗೆ. ಸುಬ್ಬಯ್ಯ ರೇಷ್ಮೆ ಸೀರೆ ನೇಯುವವನು. ಮೂರನೆಯ ಫಾರಂ ತನಕ ಓದಿದ್ದ, ಷಟ್ಪದಿಯ ಮಾತ್ರೆಗಳನ್ನು ಬೆರಳಿನಲ್ಲೇ ಎಣಿಸುತ್ತಿದ್ದ. ಮದುವೆಯ ದಿನ ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಧಾರೆ ಮುಗಿದ ಮೇಲೆ ಗಟ್ಟಿಯಾಗಿ ಓದಿ, ಬಂದವರಿಗೆಲ್ಲ ಹಂಚುವ ಮದುವೆ ಪದ್ಯ ಅವನ ಕೈಯಿಂದಲೇ ಬರಬೇಕು. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದು ಬಂದಿತ್ತು.

ನಿಜ ಹೇಳಬೇಕೆಂದರೆ ಸುಬ್ಬಯ್ಯ ಅಷ್ಟು ವರ್ಷದಲ್ಲಿ ಬರೆದ ಪದ್ಯಗಳು ಒಟ್ಟು ನಾಲ್ಕು. ಅವನ್ನೇ ತಿರುಗಿಸಿ ಮುರುಗಿಸಿ, ಹೆಣ್ಣುಗಂಡಿನ ಹೆಸರು ಬದಲಾಯಿಸಿ ಕೊಡುತ್ತಿದ್ದ. ಹೆಸರು ಚಿಕ್ಕದಾಗಿ ಮಾತ್ರೆ ಕಡಿಮೆ ಬಿದ್ದರೆ ಹಿಂದೆ ಒಂದು ‘ಸುಗುಣ’ ಸೇರಿಸುವುದು, ಉದ್ದವಾದರೆ ಬಾಲ ಕತ್ತರಿಸುವುದು. ಎಲ್ಲದರಲ್ಲೂ ಚಂದ್ರ ಇರುತ್ತಿದ್ದ, ತಾವರೆ ಇರುತ್ತಿತ್ತು, ಕೊನೆಯಲ್ಲಿ ಮಂಗಳವಾಗಲಿ ಎಂಬ ಹಾರೈಕೆ ತಪ್ಪದೆ ಬರುತ್ತಿತ್ತು. ಅವನು ಓದುವಾಗ ಜನ ಎಲೆ ಹಾಕಿದರೋ ಇಲ್ಲವೋ ಎಂದು ಕತ್ತು ನೀಳ ಮಾಡಿ ಊಟದ ಚಪ್ಪರದ ಕಡೆ ನೋಡುತ್ತಿದ್ದರು. ಓದಿದ ಮೇಲೆ ‘ಚೆನ್ನಾಗದೆ ಕಣಣ್ಣ’ ಎಂದು ಒಂದು ಮಾತು, ತಾಂಬೂಲ, ಒಂದು ಶಲ್ಯ. ಅಷ್ಟಕ್ಕೇ ಸುಬ್ಬಯ್ಯ ಎಂಟು ದಿನ ಎದೆಯುಬ್ಬಿಸಿ ಬೀದಿಯಲ್ಲಿ ನಡೆಯುತ್ತಿದ್ದ. ಮನುಷ್ಯನಿಗೆ ಏನಾದರೂ ಒಂದು ಹೆಮ್ಮೆ ಬೇಕಲ್ಲ. ಅವನ ಹೆಮ್ಮೆಯಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

ಅದಕ್ಕೆ ಕಲ್ಲು ಬಿದ್ದದ್ದು ಸಾವಿರದ ಒಂಬೈನೂರ ಐವತ್ತೆರಡರ ಬೇಸಗೆಯಲ್ಲಿ, ಅದೂ ಒಡಹುಟ್ಟಿದ ತಂಗಿ ರಂಗಮ್ಮನ ಮಗನಿಂದ.

ಹುಡುಗನ ಹೆಸರು ಚೌಡಯ್ಯ, ಹದಿನೇಳು ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಅಪ್ಪನ ಮಗ್ಗದ ಪಕ್ಕದಲ್ಲಿ ಲಾಳಿಗೆ ನೂಲು ತುಂಬುತ್ತಿದ್ದ. ಮಾತು ಕಡಿಮೆ. ನೂಲಿಗೆ ಸುತ್ತಿ ಬಂದ ಕಾಗದದ ಹಿಂಬದಿಯಲ್ಲಿ ಏನಾದರೂ ಗೀಚುತ್ತಿದ್ದ. ಆ ವೈಶಾಖದಲ್ಲಿ ಎದುರು ಸಾಲಿನ ಪುಟ್ಟಮಾದಯ್ಯನ ಮಗಳ ಮದುವೆ ಬಂತು. ಸುಬ್ಬಯ್ಯ ಚಳಿಜ್ವರ ಹಿಡಿದು ಮೂರು ಕಂಬಳಿ ಹೊದ್ದು ಮಲಗಿದ್ದ. ಪುಟ್ಟಮಾದಯ್ಯ ಬಂದು ಬಾಗಿಲಲ್ಲಿ ನಿಂತಾಗ, ಜ್ವರದ ತಾಪದಲ್ಲಿ ಅವನೇ ಹೇಳಿಬಿಟ್ಟ:

“ನಮ್ಮ ಚೌಡುಂಗೆ ಯೋಳಿ. ಏನೋ ಒಂದು ಗೀಚ್ಕೊಡ್ತಾನೆ.”

ಹುಡುಗ ಗೀಚಿಕೊಟ್ಟ. ಅವನ ಹೆಸರಿನಲ್ಲೇ ಅಚ್ಚಾಯಿತು. ಮದುವೆಯ ದಿನ ಜ್ವರ ಇಳಿದು, ಕಂಬಳಿ ಹೊದ್ದೇ ಸುಬ್ಬಯ್ಯ ಹೋಗಿ ಕಂಬಕ್ಕೆ ಒರಗಿ ಕುಳಿತ. ಹುಡುಗ ಎದ್ದು ನಿಂತು ಓದಿದ. ಅದರಲ್ಲಿ ಚಂದ್ರ ಇರಲಿಲ್ಲ, ತಾವರೆ ಇರಲಿಲ್ಲ. ಕೊನೆಯ ಸಾಲುಗಳು ಹೀಗಿದ್ದವು:

ನೇಯ್ದ ಸೀರೆಗಳನೆಲ್ಲ ಊರಿಗುಡಿಸಿದ ಮನೆ
ಒಂದೆ ಒಂದನು ತನಗೆ ಉಳಿಸಿಕೊಂಡಿತ್ತು;
ಅದನುಟ್ಟು ಮಗಳಿಂದು ಹೊಸಿಲು ದಾಟುವ ಹೊತ್ತು
ಅಪ್ಪ ಸೆರಗಿನ ಅಂಚ ಮುಟ್ಟಿ ನೋಡಿದನು.

ಊಟದ ಚಪ್ಪರದ ಕಡೆ ಯಾರೂ ಕತ್ತು ತಿರುಗಿಸಲಿಲ್ಲ. ಪುಟ್ಟಮಾದಯ್ಯ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡು, “ಇನ್ನೊಂದ್ ದಪ ಓದ್ಲಾ ಮಗ” ಎಂದ. ಹುಡುಗ ಮತ್ತೆ ಓದಿದ. ಸುಬ್ಬಯ್ಯ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಅವನಿಗೆ ಇನ್ನೊಂದು ಸಲ ಓದು ಎಂದಿರಲಿಲ್ಲ. ಮೀಸೆ ಮೂಡದ ಹುಡುಗ, ಮೊದಲನೇ ಪದ್ಯ! ಅಲ್ಲಿಂದ ಎದ್ದು ಹೋಗಿಬಿಡೋಣ ಎನಿಸಿತು. ಜ್ವರದಿಂದ ಎದ್ದ ಮೈ, ಕಂಬಕ್ಕೇ ಒರಗಿಕೊಂಡ.

ಆಗ ನಡೆದದ್ದು ನಮ್ಮ ಕಡೆಯವರಿಂದ ಮಾತ್ರ ಆಗಬಹುದಾದ ತಪ್ಪು. ನಮ್ಮಲ್ಲಿ ಹುಡುಗನ ಕಿವಿ ಚುಚ್ಚಿಸುವುದರಿಂದ ಹಿಡಿದು ಬಾಸಿಂಗ ಕಟ್ಟುವ ತನಕ ಎಲ್ಲಕ್ಕೂ ಸೋದರಮಾವನ ಕೈ ಬೇಕು. ಮೊದಲ ಉಡುದಾರ ಅವನದು, ಮೊದಲ ಪಂಚೆ ಅವನದು. ಆದ್ದರಿಂದ ಪದ್ಯದ ಕೆಳಗೆ ಚೌಡಯ್ಯನ ಹೆಸರು ಕಂಡ ಜನ ಬೇರೆ ಏನನ್ನೂ ಯೋಚಿಸಲಿಲ್ಲ. ಮಾವ ಬರೆದು ಅಳಿಯನ ಹೆಸರು ಹಾಕಿಸಿದ್ದಾನೆ, ಇದೂ ಒಂದು ಉಡುಗೊರೆ ಎಂದುಕೊಂಡರು. ಹುಡುಗನಿಗೆ ಹೇಳಿ ಎಂಬ ಮಾತು ಕೇಳಿದ್ದ ಪುಟ್ಟಮಾದಯ್ಯನೂ, ಮಾವ ಮಲಗಿದಲ್ಲಿಂದಲೇ ಹೇಳಿ ಬರೆಸಿರಬೇಕು ಎಂದುಕೊಂಡ. ರೇಷ್ಮೆ ಸೀರೆ ವ್ಯಾಪಾರದ ಸಾಹುಕಾರ ಕೆಂಪನಂಜಪ್ಪನವರು ತಾವೇ ಎದ್ದು ಕಂಬದ ಹತ್ತಿರ ಬಂದರು.

“ಏನ್ ಸುಬ್ಬಯ್ಯ, ಜರದಲ್ಲಿ ಮಲಗಿದ್ರೂವೆ ಇಂಥದ್ದು ಬರ್ದಿದ್ದೀಯಲ್ಲಪ್ಪಾ! ಇಷ್ಟೊರ್ಸ ಇದನ್ನೆಲ್ಲ ಎಲ್ಲಿ ಬಚ್ಚಿಟ್ಕಂಡಿದ್ದೆ?”

ಸುಬ್ಬಯ್ಯ ಬಾಯಿ ತೆರೆದ. ‘ನಾನಲ್ಲ ಸಾಹುಕಾರ್ರೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಸಾಹುಕಾರಿಕೆ ಮರೆತು ಅವನ ಎರಡೂ ಕೈ ಹಿಡಿದುಕೊಂಡರು. ಆ ಕೈ ಬೆಚ್ಚಗಿತ್ತು. ಸುಬ್ಬಯ್ಯ ಬಾಯಿ ಮುಚ್ಚಿದ. ಹುಡುಗ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ, ಅವನೂ ಏನೂ ಅನ್ನಲಿಲ್ಲ. ಆ ದಿನ ಸುಬ್ಬಯ್ಯನಿಗೆ ಬಂದ ಶಲ್ಯಕ್ಕೆ ಜರಿ ಅಂಚಿತ್ತು.

ಎಸ್ಸೆಸ್ಸೆಲ್ಸಿ ಪಾಸಾಗುತ್ತಲೇ ರಂಗಮ್ಮ ಮಗನನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು.

“ಅಣ್ಣ, ಇವುನ್ದೊಂದೇ ಹಟ. ಬರೆಯೋದ ಕಲಿಸೋ ಕಾಲೇಜಿಗೆ ಓಯ್ತೀನಿ ಅಂತಾನೆ. ಅಂಥದ್ದು ಎಲ್ಲದೆ, ಏಟಾಯ್ತದೆ, ನಂಗೇನ್ ಗೊತ್ತು? ನೀನು ನಾಕಕ್ಷರ ಬಲ್ಲೋನು. ನಮ್ಮ ಕೈಗೆಟುಕೋ ಅಂಥದ್ದೊಂದ ಹುಡುಕ್ಕೊಡು.”

“ಪದ್ಯ ಬರೆಯೋದ ಕಲಿಸೋಕೆ ಕಾಲೇಜಾ?” ಎಂದು ಸುಬ್ಬಯ್ಯ ಮೂಗು ಮುರಿದ. “ನಂಗ್ಯಾವ ಕಾಲೇಜಲ್ಲಿ ಕಲಿಸಿದ್ರು?”

“ನಿಮ್ಮಂಗೆ ಬರೆಯೋಕಲ್ಲ ಮಾವ” ಎಂದ ಹುಡುಗ ಮೆತ್ತಗೆ. ಕುಚೋದ್ಯವಿರಲಿಲ್ಲ ಆ ಮಾತಿನಲ್ಲಿ. ಅದೇ ಸುಬ್ಬಯ್ಯನಿಗೆ ಹೆಚ್ಚು ಚುಚ್ಚಿತು.

ಆದರೂ ಸೋದರಮಾವನಾಗಿ ಆಗುವುದಿಲ್ಲ ಎನ್ನುವ ಹಾಗಿಲ್ಲ. ಸುಬ್ಬಯ್ಯ ಕಾರ್ಡು ಬರೆದ. ಆಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೂರು ಹರದಾರಿ ಆಚೆಯ ಯಳಂದೂರು ಮೈಸೂರಿನದು. ಹೆಣ್ಣು ಕೊಡುವುದು, ತರುವುದು, ಸಂತೆ, ಸಾವು, ಎಲ್ಲಕ್ಕೂ ಜನ ಆ ಕಡೆ ಈ ಕಡೆ ಓಡಾಡುತ್ತಿದ್ದರೂ ಕಾಲೇಜಿನವರ ಲೆಕ್ಕ ಬೇರೆ. ಕೊಯಮತ್ತೂರಿನಿಂದ ಬಂದ ಉತ್ತರದಲ್ಲಿ ಕನ್ನಡದ ಮಾತೇ ಇರಲಿಲ್ಲ, ಎಲ್ಲ ತಮಿಳು. ಮದರಾಸಿನಲ್ಲಿ ಕನ್ನಡ ಇತ್ತು, ಹಾಸ್ಟೆಲಿನ ಖರ್ಚು ನೋಡಿದರೆ ರಂಗಮ್ಮನ ಮನೆಯ ಎರಡು ಮಗ್ಗ ವರ್ಷವಿಡೀ ಬಡಿದರೂ ಸಾಲದು. ಮೈಸೂರಿನ ಒಂದು ಕಾಲೇಜು, ಹುಡುಗ ಹೊರರಾಜ್ಯದವನಾದ್ದರಿಂದ ಫೀಜು ಹೆಚ್ಚಾಗುತ್ತದೆ ಎಂದು ಬರೆಯಿತು. ಒಂದೊಂದು ಕಾಗದ ಬಂದಾಗಲೂ ಸುಬ್ಬಯ್ಯ ತಂಗಿಯ ಮನೆಗೆ ಹೋಗಿ, ಮುಖ ಬಾಡಿಸಿಕೊಂಡು, ನಿಧಾನವಾಗಿ ಓದಿ ಹೇಳಿದ. ವಾಪಸು ಬರುವಾಗ ಕಾಲು ಹಗುರಾಗಿರುತ್ತಿತ್ತು. ಹುಡುಗ ಇಲ್ಲೇ ಮಗ್ಗದ ಗುಂಡಿಗೆ ಇಳಿಯುತ್ತಾನೆ, ಒಂದು ವರ್ಷಕ್ಕೆ ಪದ್ಯಗಿದ್ಯ ಎಲ್ಲ ಮರೆಯುತ್ತಾನೆ ಎಂದು ಲೆಕ್ಕ ಹಾಕಿ ಹಿಗ್ಗುತ್ತಿದ್ದ. ಹಿಗ್ಗಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು, ಆದರೆ ಹಿಗ್ಗೇ ಮುಂದಿರುತ್ತಿತ್ತು.

ನಾಲ್ಕನೆಯದು ತಾನಾಗಿ ಕಣ್ಣಿಗೆ ಬಿತ್ತು. ಸೀರೆ ಕೊಟ್ಟು ಬರಲು ಯಳಂದೂರಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಮೈಸೂರು ಪತ್ರಿಕೆ ಬಿದ್ದಿತ್ತು. ಅದರಲ್ಲಿ ಒಂದು ಪಾಠಶಾಲೆಯ ಪ್ರಕಟಣೆ. ಕನ್ನಡ ಪಂಡಿತ ತರಗತಿ, ಅದರಲ್ಲಿ ಗದ್ಯಪದ್ಯ ಬರೆಯುವುದಕ್ಕೆಂದೇ ಪ್ರತ್ಯೇಕ ಪಾಠ. ಯಾವ ರಾಜ್ಯದವರಾದರೂ ಸರಿ, ಆರಿಸಿದ ಹನ್ನೆರಡು ಮಂದಿಗೆ ಊಟ, ವಸತಿ, ಪಾಠ ಎಲ್ಲ ಧರ್ಮಾರ್ಥ. ಅರ್ಜಿಯ ಜೊತೆ ಒಂದು ಸ್ವಂತ ರಚನೆ ಇರಬೇಕು, ಅದು ಅವನದೇ ಎಂದು ಬಂಧುಗಳಲ್ಲದ ಊರಿನ ಇಬ್ಬರು ಗೃಹಸ್ಥರು ರುಜು ಹಾಕಿರಬೇಕು. ಸುಬ್ಬಯ್ಯ ಆ ಹಾಳೆಯನ್ನು ಬೇಡಿ ತಂದು ಎರಡು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ. ಮೂರನೆಯ ದಿನ ಕೊಟ್ಟ. ಒಳ್ಳೆಯತನದಿಂದಲ್ಲ. ಎಲ್ಲೆಲ್ಲಿಯವರೋ ಅರ್ಜಿ ಹಾಕುವ ಹನ್ನೆರಡು ಜಾಗದಲ್ಲಿ ಇವನಿಗೆಲ್ಲಿ ಸಿಕ್ಕೀತು, ಬೇಡ ಎಂದು ಅವರೇ ಬರೆಯಲಿ, ಹುಡುಗನ ಹುರುಪು ಅವರ ಕೈಯಲ್ಲೇ ಇಳಿಯಲಿ ಎಂದು ಕೊಟ್ಟ.

ಹುಡುಗ ಪುಟ್ಟಮಾದಯ್ಯನ ಮಗಳ ಮದುವೆಯ ಪದ್ಯವನ್ನೇ ಶುದ್ಧ ಪ್ರತಿ ಮಾಡಿಕೊಂಡು ರುಜುವಿಗೆ ಹೊರಟ. ಮಧ್ಯಾಹ್ನದೊಳಗೆ ಬರಿಗೈಯಲ್ಲಿ ವಾಪಸು ಬಂದ. ಸುಬ್ಬಯ್ಯ ಆಗ ತಂಗಿಯ ಮನೆಯ ಜಗಲಿಯಲ್ಲೇ ಕುಳಿತಿದ್ದ.

“ಯಾಕ್ಲಾ, ಸಿಕ್ನಿಲ್ವಾ ಅವ್ರು?” ಎಂದು ರಂಗಮ್ಮ ಕೇಳಿದಳು.

“ಸಿಕ್ಕಿದ್ರು ಕಣವ್ವ. ರುಜು ಆಕಲ್ಲ ಅಂದ್ರು” ಎಂದ ಚೌಡಯ್ಯ. “ಪುಟ್ಟಮಾದಯ್ಯನೋರು ಯೋಳಿದ್ರು, ನಿಮ್ಮಾವ ಪ್ರೀತಿಗೆ ನಿನ್ನೆಸ್ರು ಆಕ್ಸವ್ರೆ, ಅದು ಬ್ಯಾರೆ. ಸುಳ್ಳಿಗೆ ರುಜು ಆಕೋದು ಬ್ಯಾರೆ, ಅಂತ. ಸಾವ್ಕಾರ್ರೂವೆ ಅಂಗೇ ಅಂದ್ರು. ಬ್ಯಾರೆ ಪದ್ಯ ಬರ್ಕಂಡು ಬತ್ತೀನಿ ಅಂದ್ರೆ, ಅದುನ್ನೂ ನಿಮ್ಮಾವ್ನೇ ಬರ್ದಿಲ್ಲ ಅಂತ ನಂಗೇನ್ಲಾ ಗೊತ್ತು ಅಂದ್ರು.”

ರಂಗಮ್ಮ ಅಣ್ಣನ ಮುಖ ನೋಡಿದಳು. ಆ ಮನೆಯಲ್ಲಿ ನಿಜ ಎಲ್ಲರಿಗೂ ಗೊತ್ತಿತ್ತು.

“ಅಣ್ಣ, ನೀನೊಂದು ಮಾತು ಯೋಳ್ಬುಟ್ರೆ ಆಯ್ತದಲ್ಲ.”

“ನೋಡಾನ” ಎಂದು ಸುಬ್ಬಯ್ಯ ಎದ್ದ. ಅರ್ಜಿ ಕಳಿಸಲು ಇನ್ನು ಐದು ದಿನ ಇತ್ತು. ಹುಡುಗ ಬೈಯಲೂ ಇಲ್ಲ, ಬೇಡಲೂ ಇಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮೂರು ದಿನ ಸುಬ್ಬಯ್ಯ ಯಾರಿಗೂ ಏನೂ ಹೇಳಲಿಲ್ಲ. ಬೀದಿಯಲ್ಲಿ ಹೋದರೆ ಜನ ಈಗಲೂ ಆ ಸೆರಗಿನ ಸಾಲು ಹೇಳಿ ಕೈ ಮುಗಿಯುತ್ತಿದ್ದರು. ಹನೂರಿನಿಂದ ಒಬ್ಬರು ತಮ್ಮ ಮಗಳ ಮದುವೆಗೆ ‘ಅಂಥದ್ದೇ ಒಂದು’ ಬೇಕೆಂದು ವೀಳ್ಯ ಇಟ್ಟು ಹೋಗಿದ್ದರು. ಇದನ್ನೆಲ್ಲ ಹೇಗೆ ಬಿಡುವುದು? ಬಿಟ್ಟರೆ ಅವನ ಹತ್ತಿರ ಉಳಿಯುವುದು ನಾಲ್ಕು ಪದ್ಯ, ಅದೂ ಚಂದ್ರ ತಾವರೆಯವು.

ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿ ದೇವೀರಮ್ಮ ಮಗ್ಗದ ಪಕ್ಕ ಅಂಬಲಿಯ ಚೊಂಬು ಇಡುತ್ತ, “ನಾಳೀಕೆ ಕೊನೇ ದಿನ್ವಂತೆ” ಎಂದಳು.

“ಏನೀಗ? ಊರೋರೆಲ್ಲ ನಂದು ಅಂತ ಒಪ್ಕಂಡವ್ರೆ. ನಂದೇ ಇರ್ಬೋದು ಅನ್ಕೋ.”

“ಊರೋರಿಗೇನು, ಉಂಡು ಓಯ್ತಾರೆ. ನಿಮ್ಮ ಪದ್ಯನೆಲ್ಲ ಕೂತು ಕೇಳಿರೋಳು ನಾನು. ಚೌಡು ಪದ್ಯದಲ್ಲೊಬ್ಬ ಅಪ್ಪ ಅವ್ನೆ ಕಣ್ರಿ. ನಿಮ್ಮ ಪದ್ಯದಲ್ಲಿ ಮನುಸ್ರೇ ಇಲ್ಲ.”

ಸುಬ್ಬಯ್ಯ ಲಾಳಿ ಕೆಳಗೆ ಹಾಕಿದ. ಸಿಟ್ಟು ನೆತ್ತಿಗೇರಿತು. ಮನುಷ್ಯರಿಲ್ಲವೇ? ತೋರಿಸುತ್ತೇನೆ ಎಂದು ಕಾಗದ ತೆಗೆದು ಬರೆಯಲು ಕುಳಿತ. ತನ್ನ ಅಪ್ಪನನ್ನು ನೆನೆದ, ಮಗ್ಗದ ಗುಂಡಿಯಲ್ಲಿ ಕಾಲಾಡಿಸುತ್ತ ಕೆಮ್ಮುತ್ತಿದ್ದ ಅಪ್ಪನನ್ನು. ಎಲ್ಲ ಕಣ್ಣಿಗೆ ಕಟ್ಟಿದಂತೆ ಇತ್ತು. ಕಾಗದದ ಮೇಲೆ ಮಾತ್ರ ‘ಜನಕನೆಂಬುವ ಚಂದ್ರ’ ಎಂದು ಬಂತು. ಹೊಡೆದು ಹಾಕಿದ. ಮತ್ತೆ ಬರೆದ. ಮತ್ತೆ ಚಂದ್ರ ಬಂದ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕಾಗದ ಮುದುಡಿ ಎಸೆದು, ಹುಡುಗನನ್ನು ಅರ್ಜಿಯ ಸಮೇತ ಕೂಗಿ ಕರೆದು, ದಡದಡ ಕೆಂಪನಂಜಪ್ಪನವರ ಅಂಗಡಿಗೆ ನಡೆದ.

ಅಂಗಡಿಯಲ್ಲಿ ಪುಟ್ಟಮಾದಯ್ಯನೂ ಇದ್ದ. ನೇಯ್ದ ಸೀರೆ ಕೊಡಲು ಬಂದ ಇನ್ನೂ ನಾಲ್ಕು ಜನ ಇದ್ದರು. ಸುಬ್ಬಯ್ಯ ಚಪ್ಪಲಿ ಬಿಡುವುದನ್ನೂ ಮರೆತು ಹೇಳಿದ:

“ಸಾವ್ಕಾರ್ರೆ, ಆ ಪದ್ಯ ನಾನು ಬರೆದದ್ದಲ್ಲ. ಇವ್ನು ಬರೆದದ್ದು. ರುಜು ಆಕ್ಕೊಡಿ.”

ಎಷ್ಟು ಕಷ್ಟದಿಂದ ಬಂದ ಮಾತು! ಅದಕ್ಕೆ ಕೆಂಪನಂಜಪ್ಪನವರು ನಕ್ಕುಬಿಟ್ಟರು.

“ಸೋದರಮಾವ ಅಂದ್ರೆ ಇಂಗಿರ್ಬೇಕು ನೋಡ್ರಪ್ಪ. ಬರ್ದಿದ್ದನ್ನೂ ಅಳೀನಿಗೆ ಬುಟ್ಕೊಡ್ತಾನೆ!”

“ಬುಟ್ಕೊಡ್ತಿಲ್ಲ ಸಾ! ನಿಜವಾಗ್ಲೂ ನಂದಲ್ಲ.”

“ಆಯ್ತಪ್ಪ, ನಿಂದಲ್ಲ” ಎಂದು ಪುಟ್ಟಮಾದಯ್ಯ ಬೆನ್ನು ತಟ್ಟಿದ. “ನಿನ್ನ ದೊಡ್ಡ ಮನಸು ನಮ್ಗೆ ಗೊತ್ತಿಲ್ವಾ? ಆದ್ರೆ ರುಜು ಅಂದ್ರೆ ದೇವ್ರ ಮುಂದೆ ಯೋಳ್ದಂಗೆ.”

ಸುಬ್ಬಯ್ಯನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಾಯಿ ಮುಚ್ಚಿದ್ದಾಗ ನಂಬಿದ ಜನ ಬಾಯಿ ಬಿಟ್ಟರೆ ನಂಬುತ್ತಿಲ್ಲ. “ಅಂಗಾದ್ರೆ ಇಲ್ಲೇ, ನಿಮ್ಮ ಕಣ್ಮುಂದೆ ಇಬ್ರೂ ಬರೀತೀವಿ” ಎಂದ. “ಯಾವುದ್ರ ಮ್ಯಾಲೆ ಅಂತ ನೀವೇ ಯೋಳಿ.”

ಸಾಹುಕಾರರಿಗೆ ಇದೊಂದು ತಮಾಷೆಯಾಯಿತು. ಸುತ್ತ ನೋಡಿದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಕೆಲವರು ಜಗಲಿಯ ನೆರಳಿನಲ್ಲಿ ಕುಳಿತಿದ್ದರು. ಅವರಲ್ಲೊಬ್ಬಳು ಮುದುಕಿ ಕಾಲು ಚಾಚಿ ಪಾದ ಉಜ್ಜಿಕೊಳ್ಳುತ್ತಿದ್ದಳು. “ಆ ಅಜ್ಜಿ ಮ್ಯಾಲೆ ಬರೀರಿ” ಎಂದರು. ಗುಮಾಸ್ತ ಇಬ್ಬರಿಗೂ ಕಾಗದ, ಸೀಸದಕಡ್ಡಿ ಕೊಟ್ಟ.

ಸುಬ್ಬಯ್ಯ ಗೋಡೆಗೆ ಒರಗಿ ಕುಳಿತು ಬೆರಳು ಮಡಿಸತೊಡಗಿದ. ಇಲ್ಲಿ ಒಂದು ಮಾತು ಹೇಳಲೇಬೇಕು. ಅವನು ಬಂದದ್ದು ಸೋತು ತೋರಿಸಲಿಕ್ಕೆ. ಆದರೆ ಕಾಗದ ಕೈಗೆ ಬಂದ ಮೇಲೆ ಸೋಲುವ ಮನಸ್ಸು ಎಲ್ಲಿ ಹೋಯಿತೋ. ಗೆದ್ದುಬಿಟ್ಟರೆ? ಇಷ್ಟು ಜನರ ಮುಂದೆ ಈ ಹುಡುಗನ ಸೊಕ್ಕು ಮುರಿದುಬಿಟ್ಟರೆ? ಅವನು ಹಲ್ಲು ಕಚ್ಚಿ, ಬೆವರು ಒರೆಸಿಕೊಳ್ಳುತ್ತ, ಬಲ್ಲ ವಿದ್ಯೆಯನ್ನೆಲ್ಲ ಸುರಿದು ಬರೆದ. ಒಂದು ಮಾತ್ರೆ ಹೆಚ್ಚುಕಡಿಮೆ ಆಗದಂತೆ ನೋಡಿಕೊಂಡ. ತಲೆ ಎತ್ತಿ ನೋಡಿದರೆ ಹುಡುಗ ಬರೆಯುತ್ತಲೇ ಇರಲಿಲ್ಲ. ಜಗಲಿಯಲ್ಲಿ ಅಜ್ಜಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಏನೋ ಮಾತಾಡುತ್ತಿದ್ದ. ಆಮೇಲೆ ಬಂದು ನಾಲ್ಕು ಸಾಲು ಗೀಚಿದ.

ಮೊದಲು ಸುಬ್ಬಯ್ಯ ಓದಿದ:

ತಾವರೆಯ ಪದದಿಂದ ತಾಯಿಯೊಬ್ಬಳು ನಡೆದು
ಮಾದೇಶನಡಿಗೆ ಮಂಗಳವ ಕೋರಿದಳು.

ಎಲ್ಲರ ಕಣ್ಣೂ ಜಗಲಿಯ ಕಡೆ ಹೋಯಿತು. ಅಜ್ಜಿಯ ಅಂಗಾಲು ಬಿರಿದು ರಕ್ತ ಜಿನುಗುತ್ತಿತ್ತು. ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. ಆಮೇಲೆ ಹುಡುಗ ಓದಿದ:

ಬೆಟ್ಟ ಇನ್ನೂ ದೂರ, ಅಂಗಾಲು ಬಿರಿದಿದೆ,
ನೀರು ಕೇಳಲಿಲ್ಲ ಅಜ್ಜಿ, ದಾರಿ ಕೇಳಲಿಲ್ಲ;
ಹಟ್ಟಿಯಲ್ಲಿ ದಿನ ತುಂಬಿದ ಹಸು ಕರು ಹಾಕಿತೇ ಎಂದು
ಹಿಂದಿನಿಂದ ಬಂದವರನೆಲ್ಲ ಕೇಳುತ್ತಾಳೆ.

ಪುಟ್ಟಮಾದಯ್ಯ ಸುಬ್ಬಯ್ಯನ ಮುಖ ನೋಡಿದ, ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ. ಸುಬ್ಬಯ್ಯ ನಾಟಕ ಆಡುತ್ತಿಲ್ಲ, ಗೆಲ್ಲಲೆಂದೇ ಬರೆದಿದ್ದಾನೆ ಎಂಬುದು ಅವನ ಕುತ್ತಿಗೆಯ ಬೆವರಿನಲ್ಲೇ ಕಾಣುತ್ತಿತ್ತು. ಕೆಂಪನಂಜಪ್ಪನವರು ಮಸಿಕುಡಿಕೆ ಎಳೆದುಕೊಂಡು ಮದುವೆ ಪದ್ಯದ ಕೆಳಗೆ ರುಜು ಹಾಕಿದರು. ಪುಟ್ಟಮಾದಯ್ಯ ಅದರ ಕೆಳಗೆ ಹಾಕಿದ. ಇಬ್ಬರೂ ಸುಬ್ಬಯ್ಯನನ್ನು ಕುಳಿತುಕೋ ಎನ್ನಲಿಲ್ಲ, ಎಲೆಅಡಿಕೆ ತಟ್ಟೆಯನ್ನು ಅವನ ಕಡೆ ಸರಿಸಲಿಲ್ಲ.

ಆ ಅರ್ಜಿಯಿಂದ ಚೌಡಯ್ಯ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಮೈಸೂರಿಗೆ ಹೋದ. ಸುಬ್ಬಯ್ಯನ ಮನೆಗೆ ಮದುವೆ ಪದ್ಯ ಕೇಳಿಕೊಂಡು ಬರುವವರು ಒಬ್ಬೊಬ್ಬರಾಗಿ ನಿಂತುಹೋದರು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮಾವ ಅಳಿಯ ಇಬ್ಬರೂ ಅಂಗಡಿಯಿಂದ ಅಂಚೆ ಕಚೇರಿಯ ಕಡೆ ನಡೆದರು. ಸುಬ್ಬಯ್ಯ ಮುಂದೆ, ಲಕೋಟೆ ಹಿಡಿದ ಹುಡುಗ ಎರಡು ಹೆಜ್ಜೆ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಸುಬ್ಬಯ್ಯ ಹಿಂದಿರುಗಿ ನೋಡದೆಯೇ ಹೇಳಿದ:

“ಓಗು. ನಾಕೊರ್ಸ ಈ ಕಡೆ ತಲೆ ಆಕ್ಬ್ಯಾಡ. ನಿನ್ನ ಕಂಡ್ರೆ ಒಟ್ಟೆ ಉರೀತದೆ ಕಣ್ಲಾ ನಂಗೆ.”

“ಗೊತ್ತು ಮಾವ.”

“ಏನ್ಲಾ ಗೊತ್ತು?”

“ಮದ್ವೇಲಿ ಎಲ್ರೂ ಚೆನ್ನಾಗದೆ, ಚೆನ್ನಾಗದೆ ಅಂದ್ರು. ನಿಮ್ಮ ಪದ್ಯಕ್ಕೂ ಅಂಗೇ ಅಂತಿದ್ರು, ಅವ್ರ ಮಾತ ಎಂಗೆ ನಂಬೋದು? ನಾನು ಓದ್ತಾ ಓದ್ತಾ ನಿಮ್ಮ ಮೊಕನೇ ನೋಡ್ತಿದ್ದೆ. ಕಂಬ್ಳಿ ಒಳ್ಗೆ ಕಪ್ಪಿಟ್ಟೋಯ್ತು ನಿಮ್ಮ ಮೊಕ. ಅವಾಗ್ಲೇ ಮಾವ ನಂಗೆ ನಂಬ್ಕೆ ಬಂದದ್ದು, ನಿಜವಾಗ್ಲೂ ಚೆನ್ನಾಗದೆ ಅಂತ.”

ಸುಬ್ಬಯ್ಯ ನಿಂತ. ಹುಡುಗನ ಕೈಯಿಂದ ಲಕೋಟೆ ಕಿತ್ತುಕೊಂಡು, ಅಂಟು ಸರಿಯಾಗಿ ಹತ್ತಿದೆಯೇ ಎಂದು ಎರಡು ಸಲ ಒತ್ತಿ ನೋಡಿ, ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿದ.